ಬರೆದಿಡದವರ ಚರಿತ್ರೆಗೆ ಆಧಾರವೇನು?

ಪ್ರಶ್ನೆ: ಸಬಾಲ್ಟರ್ನ್ ಅಧ್ಯಯನ, ಅಂದರೆ ತಳದವರ ಅಧ್ಯಯನ, ಎಂಬ ಪಂಥದ ಇತಿಹಾಸಕಾರರು ತಳಸಮುದಾಯಗಳ ಚರಿತ್ರೆಯನ್ನು ಅವರ ಕಡೆಯಿಂದಲೇ ಬರೆಯುವುದಾಗಿ ಹೇಳುತ್ತಾರೆ. ಆದರೆ ಉಳಿದಿರುವುದು ಬಹುಪಾಲು ಬ್ರಿಟಿಷ್ ಆಡಳಿತದ ಕಡತಗಳು. ಹಾಗಿರುವಾಗ ಇದು ಇತಿಹಾಸಕಾರರ ಕಲ್ಪನೆಯಲ್ಲವೇ?

ಉತ್ತರ: ಇತಿಹಾಸಕಾರ ರಣಜಿತ್ ಗುಹಾ ಅವರ ಸಂಪಾದಕತ್ವದಲ್ಲಿ 1982ರಲ್ಲಿ ಈ ಪಂಥದ ‘ಸಬಾಲ್ಟರ್ನ್ ಸ್ಟಡೀಸ್’ ಪುಸ್ತಕಮಾಲೆಯ ಮೊದಲ ಸಂಪುಟ ಬಂದಾಗಲೂ ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ಅದೇ ಕಡತಗಳೇ, ಓದುವ ಕ್ರಮ ಮಾತ್ರ ಬೇರೆಯಾಗಿತ್ತು. ಬ್ರಿಟಿಷ್ ಆಡಳಿತದ ವಿರುದ್ಧ 1855ರಲ್ಲಿ ಸಂತಾಲ ಬುಡಕಟ್ಟಿನವರು ಎದ್ದ ಬಂಡಾಯವನ್ನೇ ನೋಡಿ. ಅದರ ಮುಂದಾಳುಗಳಾದ ಸಿದೋ ಮತ್ತು ಕಾನ್ಹೂ, ತಾವು ದಂಗೆಯೆದ್ದದ್ದು ತಮ್ಮ ದೇವರಾದ ಠಾಕೂರನ ಅಪ್ಪಣೆಯಂತೆ, ಕಾದಾಡುವವನೂ ಆ ದೇವರೇ ಎಂದು ಹೇಳಿದ್ದರು. ಅಧಿಕಾರಿಗಳು ಇದನ್ನು ಮತಾಂಧತೆ ಎಂದು ಬರೆದುಕೊಂಡರು. ಬಂಡಾಯಗಾರರ ಪರವಾಗಿದ್ದ ಮುಂದಿನ ಇತಿಹಾಸಕಾರರಲ್ಲಿಯೂ ಕೆಲವರು, ಜನರನ್ನು ಒಗ್ಗೂಡಿಸಲು ನಾಯಕರು ಹೂಡಿದ ಉಪಾಯವಿದು ಎಂದು ಆ ಮಾತನ್ನು ಬದಿಗಿಟ್ಟರು. ಆ ಮಾತನ್ನು ಸಂತಾಲರ ರಾಜಕೀಯ ಪ್ರಜ್ಞೆಯ ತಿರುಳೆಂದೇ ಪರಿಗಣಿಸಬೇಕೆಂಬುದು ಗುಹಾ ಅವರ ವಾದ. ವೈರಿಗಳ ತಿರಸ್ಕಾರಕ್ಕಿಂತ ಹಿತೈಷಿಗಳ ಈ ಜಾಣ ವಿವರಣೆಯೇ ಆ ಜನರನ್ನು ಹೆಚ್ಚು ಮೂಕರನ್ನಾಗಿಸಿತೆಂದು ನನಗೂ ಅನ್ನಿಸುತ್ತದೆ.

ಇನ್ನೂ ಸೂಕ್ಷ್ಮವಾದ ಉದಾಹರಣೆ ಬಂಗಾಳದ ಬೀರ್‌ಭೂಮ್‌ನದು. 1849ರಲ್ಲಿ ಅಲ್ಲಿ ಬಾಗ್ದಿ ಎಂಬ ಕೆಳಜಾತಿಯ ಚಂದ್ರಾ ಎಂಬ ಹೆಣ್ಣುಮಗಳು ಗರ್ಭಪಾತದ ಔಷಧಿ ಸೇವಿಸಿ ಸತ್ತಳು. ಮೊದಲೂ ಕೊನೆಯೂ ಇಲ್ಲದ, ಹರಿದು ಉಳಿದ, ವಿಚಾರಣೆಯ ಕೆಲವೇ ಹೇಳಿಕೆಗಳಲ್ಲಿ ಔಷಧಿ ಕುಡಿಸಿದ ಸಹೋದರಿ ಬೃಂದಾಳ ಮಾತಿದೆ, ತಾಯಿಯ ಮಾತೂ ಇದೆ. ಬಸಿರಿಗೆ ಕಾರಣನಾದವನು ತಾಯಿಯ ಬಳಿ ಬಂದು, ಗರ್ಭ ತೆಗೆಸದಿದ್ದರೆ ಮಗಳನ್ನು ವೈಷ್ಣವರ ಅಖಾಡಕ್ಕೆ, ಅಂದರೆ ಮನೆ ಮತ್ತು ಜಾತಿಯಿಂದ ಹೊರಬಿದ್ದವರ ಮಠಕ್ಕೆ, ಸೇರಿಸುವುದಾಗಿ ಬೆದರಿಸಿದ್ದ. ಕಾನೂನಿಗೆ ಇಲ್ಲಿ ಕಂಡದ್ದು ಒಂದು ಅಪರಾಧ. ಅವಮಾನದ ಆ ಗಡೀಪಾರಿನಿಂದ ಚಂದ್ರಾಳನ್ನು ಉಳಿಸಿಕೊಳ್ಳಲು ಮನೆಯ ಹೆಂಗಸರು ಒಟ್ಟಾಗಿ ನಡೆಸಿದ ಪ್ರಯತ್ನವನ್ನು ಗುಹಾ ಅದೇ ಹಾಳೆಗಳಲ್ಲಿ ಓದಿದರು. ಇದು ಊಹೆಯೇ ಎಂದು ನೀವು ಕೇಳಬಹುದು. ಊಹೆಯ ಅಂಶ ಇದೆ, ಆದರೆ ಯಾರು ಯಾರ ಮನೆಗೆ ಹೋದರು, ಔಷಧಿ ಹೇಗೆ ದೊರೆಯಿತು ಎಂಬ ವಿವರಗಳೆಲ್ಲ ಹೇಳಿಕೆಗಳಲ್ಲಿಯೇ ಇರುವುದರಿಂದ ಅದನ್ನು ಯಾರು ಬೇಕಾದರೂ ಮರಳಿ ಓದಿ ಪ್ರಶ್ನಿಸಬಹುದು.

ಈ ಪಂಥಕ್ಕೆ ನಾನು ಅಷ್ಟು ಸುಲಭವಾಗಿ ರಿಯಾಯಿತಿ ಕೊಡಲಾರದ ಸಂಗತಿ ಜಾತಿಯದು. ಆರಂಭದ ಸಂಪುಟಗಳಲ್ಲಿ ರೈತ ಎಂಬ ಪದವೇ ಎಲ್ಲ ಜಾತಿಯವರನ್ನೂ ಒಂದೇ ಹೊದಿಕೆಯಡಿ ಮುಚ್ಚಿತ್ತು. ಚಿಂತಕ ಕಂಚ ಐಲಯ್ಯನವರು ದಲಿತ ಬಹುಜನರ ದೃಷ್ಟಿಯಿಂದ ಬರೆದ ಪ್ರಬಂಧ ಅಚ್ಚಾದದ್ದು 1996ರ ಒಂಬತ್ತನೆಯ ಸಂಪುಟದಲ್ಲಿ. ಅದಕ್ಕೂ ಮೊದಲೇ, 1988ರಲ್ಲಿ, ಸಾಹಿತ್ಯ ಚಿಂತಕಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರು ತಳದವರ ದನಿಯನ್ನು ಮರಳಿ ಪಡೆದೆವು ಎನ್ನುವ ವಿದ್ವಾಂಸರು ವಾಸ್ತವದಲ್ಲಿ ತಮ್ಮ ದನಿಯನ್ನೇ ಕೇಳಿಸಿಕೊಳ್ಳುತ್ತಿರಬಹುದೆಂದು ಎಚ್ಚರಿಸಿದ್ದರು. ಬೃಂದಾ ಮಾತಾಡಿದ್ದಾಳೆ, ನಿಜ. ಆದರೆ ಆಕೆ ಮಾತಾಡಿದ್ದು ಆರೋಪಿಯಾಗಿ, ಬರೆದುಕೊಳ್ಳುವವನ ಎದುರು.