ಕೊನೆಯ ಐದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ ಪಿಎಸ್‌ವಿ ಯುರೋಪಿಯನ್ ಕಪ್ ಗೆದ್ದಿದ್ದು ನಿಜವೇ?

ನಿಜ. 1987-88ರ ಕತೆ ಅದು. ಯುರೋಪಿಯನ್ ಕಪ್ ಅಂದ್ರೆ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ದೊಡ್ಡ ಟೂರ್ನಿ, ಈಗಿನ ಚಾಂಪಿಯನ್ಸ್ ಲೀಗ್.

ಪಿಎಸ್‌ವಿ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ಊರಿನ ಕ್ಲಬ್. 1913ರಲ್ಲಿ ಫಿಲಿಪ್ಸ್ ಕಂಪನಿಯ ನೌಕರರಿಗಾಗಿ ಹುಟ್ಟಿತು. ಹೆಸರಿನ 'ಪಿ' ಅಂದ್ರೆ ಫಿಲಿಪ್ಸ್. ಹೌದು, ನಮ್ಮ ಮನೆಗಳ ಬಲ್ಬು, ರೇಡಿಯೋ ಮೇಲಿದ್ದ ಅದೇ ಹೆಸರು!

1987ರಲ್ಲಿ ತಂಡದ ದೊಡ್ಡ ತಾರೆ ರೂಡ್ ಗುಲ್ಲಿಟ್ ಇಟಲಿಯ ಮಿಲಾನ್ ಕ್ಲಬ್‌ಗೆ ಹೋದರು. ಆದರೂ ಕೋಚ್ ಗುಸ್ ಹಿಡಿಂಕ್ ಕೈಯಲ್ಲಿ ರೊನಾಲ್ಡ್ ಕೋಮನ್, ಎರಿಕ್ ಗೆರೆಟ್ಸ್, ಸೋರನ್ ಲೆರ್ಬಿಯಂಥವರು ಉಳಿದಿದ್ದರು.

ಆಗ ನಾಕೌಟ್‌ನಲ್ಲಿ ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ, ಎದುರಾಳಿಯ ಊರಲ್ಲಿ ಜಾಸ್ತಿ ಗೋಲು ಹೊಡೆದವರು ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಗುಟ್ಟು ಇರುವುದು ಇಲ್ಲೇ. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ಬೋರ್ಡೋ ಕ್ಲಬ್‌ನ ಊರಲ್ಲಿ 1-1, ತವರಲ್ಲಿ 0-0. ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧವೂ ಥೇಟ್ ಅದೇ: ಅಲ್ಲಿ 1-1, ಇಲ್ಲಿ 0-0. ಮೇ 25ರಂದು ಸ್ಟುಟ್‌ಗಾರ್ಟ್‌ನಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಜೊತೆ ಫೈನಲ್. ಹೆಚ್ಚುವರಿ ಸಮಯ ಮುಗಿದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ ಪಿಎಸ್‌ವಿಯ ಆರೂ ಹೊಡೆತ ಒಳಗೆ ಹೋದವು. ಬೆನ್ಫಿಕಾದ ವೆಲೋಸೋ ಒದ್ದ ಆರನೆಯದನ್ನು ಗೋಲಿ ಹಾನ್ಸ್ ಫಾನ್ ಬ್ರೂಕೆಲೆನ್ ತಡೆದರು. 6-5.

ಸುಮ್ನೆ ಅದೃಷ್ಟ ಅಂತ ತಳ್ಳಿಹಾಕಬೇಡಿ. ಅದೇ ವರ್ಷ ಡಚ್ ಲೀಗ್, ಡಚ್ ಕಪ್ ಎರಡೂ ಇವರದೇ. ಐದು ಪಂದ್ಯದಲ್ಲಿ ಬರೀ ಎರಡು ಗೋಲು ಬಿಟ್ಟುಕೊಟ್ಟ ರಕ್ಷಣೆಯೂ ಆಟವೇ ಅಲ್ವಾ? ತಿಂಗಳ ನಂತರ ನೆದರ್‌ಲೆಂಡ್ಸ್ ದೇಶದ ತಂಡ ಯುರೋ ಕಪ್ ಗೆದ್ದಾಗಲೂ ಗೋಲಿ ಇದೇ ಬ್ರೂಕೆಲೆನ್.