ಎರಡು ಗೆರೆ, ಒಂದು ಸುಳ್ಳು ಕಾಮಾಲೆ

(ಗುರುತು ಸಿಗಬಾರದೆಂದು ಊರು, ವಯಸ್ಸು, ಉದ್ಯೋಗದ ವಿವರ ಸ್ವಲ್ಪ ಬದಲಿಸಿದ್ದೇನೆ. ಬರೆಯಲು ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ.)

ಮಳೆಗಾಲದ ಒಂದು ಬೆಳಿಗ್ಗೆ ಕಾರವಾರದ ನನ್ನ ಆಪ್ತಸಲಹೆಯ ಕೋಣೆಗೆ ಅಪ್ಪ, ಆಯಿ (ತಾಯಿ), ಮಗ ಮೂವರೂ ಬಂದರು. ಅಂಕೋಲಾ ಕಡೆಯವರು. ಕೊಡೆ ಮಡಚುವ ಮೊದಲೇ ಅಪ್ಪ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. "ನೋಡಿ ಮೇಡಂ, ಎರಡು ಗೆರೆ. ಪಾಸಿಟಿವ್. ಇನ್ನೆಂತ ಸಾಕ್ಷಿ ಬೇಕು?"

ಮಗನಿಗೆ 19. ಕಾರವಾರದಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. ಹಡಗಿನ ಕೆಲಸಕ್ಕೆ ಹೋಗುವ ಆಸೆ. ಅಪ್ಪ ಬಸ್ ಚಾಲಕ.

ಆಗಿದ್ದು ಇಷ್ಟು. ರಜೆಗೆ ಬಂದ ಮಗನ ಬ್ಯಾಗಿನ ಒಳಜೇಬಿನಲ್ಲಿ ಸುತ್ತುವ ಕಾಗದ, ಚಿಟಿಕೆಯಷ್ಟು ಒಣ ಸೊಪ್ಪು ಸಿಕ್ಕಿತು. ಅಪ್ಪ ಮಗನನ್ನು ಕೇಳಲಿಲ್ಲ. ಮಾದಕ ವಸ್ತು ಸೇವಿಸಿದ್ದಾನೆಯೇ ಎಂದು ನೋಡುವ ಮೂತ್ರ ಪರೀಕ್ಷೆಯ ಕಿಟ್ ಆನ್‌ಲೈನಿನಲ್ಲಿ ತರಿಸಿದರು. ಮುಂದಿನ ಸಲ ಬಂದಾಗ, "ಕಣ್ಣು ಹಳದಿ ಕಾಣ್ತದೆ, ಕಾಮಾಲೆ ಇರಬಹುದು, ಮೂತ್ರ ಕೊಡು" ಎಂದರು. ಹುಡುಗ ಕೊಟ್ಟ. ಆಯಿ ಪಾಪ, ಕಾಮಾಲೆ ನಿಜವೆಂದೇ ನಂಬಿ ನೆಲನೆಲ್ಲಿ ಹುಡುಕಿ ತಂದು ಅರೆಯುತ್ತಿದ್ದರಂತೆ. ಅಷ್ಟರಲ್ಲಿ ಹಿತ್ತಲಿನಿಂದ ಅಪ್ಪನ ಕೂಗು. ಪಕ್ಕದ ದೊಡ್ಡಪ್ಪನ ಮನೆಯವರೆಲ್ಲ ಸೇರಿದರು. ಏಟು ಬಿತ್ತು. ಅಂದಿನಿಂದ ಹುಡುಗ ಮನೆಯಲ್ಲಿ ಮಾತು ಬಿಟ್ಟಿದ್ದ.

ಫೋಟೋ ದೊಡ್ಡದು ಮಾಡಿ ನೋಡಿದೆ. ಗೆರೆ ಎರಡಿದ್ದದ್ದು ನಿಜ. ಆದರೆ ಈ ಕಿಟ್‌ನಲ್ಲಿ ಎರಡು ಗೆರೆ ಅಂದರೆ ನೆಗೆಟಿವ್.

ಕೊರೋನಾ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಪಾಸಿಟಿವ್. ಬಸಿರಿನ ಪರೀಕ್ಷೆಯದೂ ಹಾಗೇ. ಹೀಗಾಗಿ ನಮಗೆಲ್ಲ ಅದೇ ಲೆಕ್ಕ ತಲೆಯಲ್ಲಿ ಕೂತಿದೆ. ಮಾದಕ ವಸ್ತು ಪತ್ತೆಯ ಪಟ್ಟಿ (ಸ್ಟ್ರಿಪ್) ಇದಕ್ಕೆ ಉಲ್ಟಾ. ಮೂತ್ರದಲ್ಲಿ ವಸ್ತು ಇಲ್ಲದಿದ್ದರೆ ಬಣ್ಣ ತನ್ನ ಜಾಗಕ್ಕೆ ಹೋಗಿ ಅಂಟಿಕೊಂಡು ಎರಡನೇ ಗೆರೆ ಮೂಡುತ್ತದೆ. ವಸ್ತು ಇದ್ದರೆ ಅದೇ ಬಣ್ಣವನ್ನು ದಾರಿಯಲ್ಲಿ ಹಿಡಿದುಬಿಡುತ್ತದೆ, ಆ ಗೆರೆ ಮೂಡುವುದಿಲ್ಲ. ಮಸುಕಾಗಿ ಮೂಡಿದರೂ ನೆಗೆಟಿವ್ ಅಂತಲೇ ಲೆಕ್ಕ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇದೆಲ್ಲ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಅಪ್ಪ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು: "ಹಾಗಾದ್ರೆ ಆ ಸೊಪ್ಪು?"

ಅದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳಬೇಕಿದ್ದದ್ದು ಮಗನ ಹತ್ತಿರ.

ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡೆ. "ತಮಾ, ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇಲ್ಲದ ಹೊರತು ಇಲ್ಲಿ ಹೇಳಿದ್ದು ನಿನ್ನ ಅಪ್ಪನಿಗೂ ಹೋಗೂದಿಲ್ಲ" ಎಂದೆ. ಮೊದಲ ದಿನ ಅವನು ಕಿಟಕಿ ನೋಡುತ್ತ ಕೂತು ಎದ್ದು ಹೋದ. ಎರಡನೇ ಭೇಟಿಯಲ್ಲಿ ಬಾಯಿ ಬಿಟ್ಟ. ಮೊದಲು ಸೇದಿದ್ದು ಗೋಕರ್ಣದ ಬೀಚಿನಲ್ಲಿ, ಗೆಳೆಯರ ಜೊತೆ. ಗಣಿತದ ಪೇಪರ್ ಎರಡು ಸಲ ಹೋದ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಗಾಂಜಾ ಸೇದಿದರೆ ಬರುತ್ತಿತ್ತು. ಐದು ತಿಂಗಳು ಹೆಚ್ಚುಕಡಿಮೆ ದಿನವೂ. ಕಿಟ್ ಬರುವ ಏಳು ವಾರ ಮೊದಲೇ ಬಿಟ್ಟಿದ್ದ. ಹಡಗಿಗೆ ಸೇರುವಾಗ ಡ್ರಗ್ ಟೆಸ್ಟ್ ಮಾಡುತ್ತಾರೆ ಎಂದು ಸೀನಿಯರ್ ಒಬ್ಬ ಹೇಳಿದ್ದೇ ಕಾರಣ.

ಬಿಟ್ಟ ಮೇಲೆ ಹತ್ತು ದಿನ ನಿದ್ದೆಯಿಲ್ಲ, ಊಟ ಸೇರದು, ಮೈಯೆಲ್ಲ ಸಿಟ್ಟು. ದಿನವೂ ಸೇದಿ ಬಿಟ್ಟವರಿಗೆ ಇದು ಆಗುವಂಥದ್ದೇ, ಎರಡು ವಾರದಲ್ಲಿ ಇಳಿಯುತ್ತದೆ. ಅವನಿಗದು ಗೊತ್ತಿರಲಿಲ್ಲ. ಹುಚ್ಚು ಹಿಡೀತು ಅಂದುಕೊಂಡಿದ್ದ. "ಸೇದುವಾಗ ಯಾರೂ ಕೇಳ್ಲಿಲ್ಲ ಅಕ್ಕ. ಒಬ್ಬನೇ ಬಿಟ್ಟೆ. ಬಿಟ್ಟ ಮೇಲೆ ಹೊಡೆದ್ರು."

ಮತ್ತೆ ಬ್ಯಾಗಿನಲ್ಲಿದ್ದ ಆ ಚಿಟಿಕೆ? "ಇದ್ರೆ ಒಂಥರಾ ಧೈರ್ಯ" ಎಂದ. ಬಿಟ್ಟವರು ಹೀಗೆ ಒಂದಿಷ್ಟು ಇಟ್ಟುಕೊಳ್ಳುವುದನ್ನು ಬಹಳ ಸಲ ನೋಡಿದ್ದೇನೆ. ಅದು ಧೈರ್ಯ ಅಲ್ಲ, ತೆರೆದಿಟ್ಟ ಹಿಂಬಾಗಿಲು ಎಂದೆ. ಅಪ್ಪ ಆ ಸೊಪ್ಪನ್ನು ಕಪಾಟಿನಲ್ಲಿ "ಸಾಕ್ಷಿ"ಯೆಂದು ಇಟ್ಟಿದ್ದರು! ಮೊದಲು ಅದನ್ನು ಹಾಳುಮಾಡಿ ಎಂದು ಇಬ್ಬರಿಗೂ ಹೇಳಿದೆ. ಗಾಂಜಾ ಮನೆಯಲ್ಲಿಟ್ಟುಕೊಳ್ಳುವುದೂ 1985ರ ಮಾದಕ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆಯಲ್ಲಿ ಅಪರಾಧವೇ.

ಈ ಪ್ರಕರಣ ನನ್ನ ಹಳೆಯ ನಂಬಿಕೆಯನ್ನೂ ಸ್ವಲ್ಪ ಅಲ್ಲಾಡಿಸಿತು. ಪರೀಕ್ಷೆಯಿಂದ ಏನೂ ಆಗುವುದಿಲ್ಲ ಎಂದು ಹೇಳಿಕೊಂಡು ಬಂದವಳು ನಾನು. ಆದರೆ ಇವನು ಬಿಟ್ಟಿದ್ದೇ ಒಂದು ಪರೀಕ್ಷೆಯ ಹೆದರಿಕೆಗೆ. ಆದರೆ ಆ ಪರೀಕ್ಷೆ ಇದೆ ಎಂಬುದು ಅವನಿಗೆ ಮುಂಚೆಯೇ ಗೊತ್ತಿತ್ತು. ಯಾಕೆ ಎಂಬುದೂ ಗೊತ್ತಿತ್ತು: ಹಡಗಿನಲ್ಲಿ ಒಬ್ಬ ತಪ್ಪಿದರೆ ಎಲ್ಲರಿಗೂ ಅಪಾಯ. ಕಾಮಾಲೆಯ ಹೆಸರಿನಲ್ಲಿ ಕದ್ದು ಮಾಡಿದ ಪರೀಕ್ಷೆ ಆ ಜಾತಿಯದಲ್ಲ.

ಇದೇ ಮಾತು ಅಪ್ಪನ ಜೊತೆ ಜೋರಾಗಿಯೇ ನಡೆಯಿತು. ಮಗನ ಕಾಲೇಜಿನ ಪಾಲಕರ ಸಭೆಯಲ್ಲಿ ಎಲ್ಲ ಹುಡುಗರಿಗೂ ಕಡ್ಡಾಯ ಪರೀಕ್ಷೆ ಮಾಡಿಸಬೇಕು ಎಂಬ ವಿಷಯ ಎದ್ದಿತ್ತು, ಅವರು ಅದರ ಪರ. "ಪಂಜಾಬಿನಲ್ಲಿ ಸರ್ಕಾರಿ ನೌಕರರಿಗೇ ಮಾಡ್ತೇವೆ ಅಂದಿದ್ರು. ಅಮೆರಿಕದಲ್ಲಿ ಶಾಲೆಯಲ್ಲೇ ಮಾಡ್ತಾರೆ. ನಮ್ಮನ್ನೂ ಡ್ಯೂಟಿಗೆ ಮೊದಲು ಊದಿಸ್ತಾರೆ, ನಮಗೆ ಮಾನ ಇಲ್ವಾ?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಪಂಜಾಬ್ ಸರ್ಕಾರ 2018ರಲ್ಲಿ ಹಾಗೆ ಆದೇಶಿಸಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ ಆಟಕ್ಕೆ ಸೇರುವ ವಿದ್ಯಾರ್ಥಿಗಳಿಗೆ, 2002ರಲ್ಲಿ ಇತರ ಪಠ್ಯೇತರ ಚಟುವಟಿಕೆಗೆ ಸೇರುವವರಿಗೂ ಪರೀಕ್ಷೆ ಮಾಡಬಹುದು ಎಂದಿತು. ಆದರೆ ಅಲ್ಲಿಯ ಮಕ್ಕಳ ವೈದ್ಯರ ಸಂಘವೇ ಶಾಲೆಯ ಪರೀಕ್ಷೆಯನ್ನು ಒಪ್ಪುವುದಿಲ್ಲ. ಇನ್ನು ಊದುವ ಯಂತ್ರ ಹೇಳುವುದು ಈಗ, ಈ ಗಳಿಗೆ ಕುಡಿದಿದ್ದೀರಾ ಎಂದು. ಮೂತ್ರದ ಪಟ್ಟಿ ಅದನ್ನು ಹೇಳುವುದಿಲ್ಲ. ಒಮ್ಮೆ ಸೇದಿದವನ ಮೂತ್ರದಲ್ಲಿ ಸುಮಾರು ಮೂರು ದಿನ, ದಿನವೂ ಸೇದುವವನಲ್ಲಿ ತಿಂಗಳ ತನಕವೂ ಗುರುತು ಉಳಿಯಬಹುದು. ಚಟ ಇದೆಯೇ, ಯಾಕೆ ಹತ್ತಿತು, ಅದಂತೂ ಯಾವ ಪಟ್ಟಿಯಲ್ಲೂ ಮೂಡುವುದಿಲ್ಲ.

"ನಿಮ್ಮ ಮನೆಯಲ್ಲಿ ಗಸಗಸೆ ಪಾಯಸ ಮಾಡ್ತೀರಾ?" ಎಂದು ಆಯಿಯನ್ನು ಕೇಳಿದೆ. ಮಾಡುತ್ತಾರಂತೆ, ಹಬ್ಬಕ್ಕೆ. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಪಾಯಸ ಉಂಡು ಹೋದವನ ಪಟ್ಟಿ ಅಫೀಮಿನ ಕಡೆಗೆ ಪಾಸಿಟಿವ್ ತೋರಿಸಬಹುದು. ಕೊಡೀನ್ ಇರುವ ಕೆಮ್ಮಿನ ಔಷಧಿಯದೂ ಅದೇ ಕತೆ. ಖಾತ್ರಿಗೆ ಲ್ಯಾಬಿನಲ್ಲಿ ಬೇರೆಯೇ ವಿಧಾನದಲ್ಲಿ ಮರುಪರೀಕ್ಷೆ ಆಗಬೇಕು. ಅಷ್ಟರೊಳಗೆ ಹುಡುಗನ ಹೆಸರು ಊರೆಲ್ಲ ತಿರುಗಿ ಬಂದಿರುತ್ತದೆ. ಅಪ್ಪ ನಕ್ಕರು. ಅವರು ನಕ್ಕಿದ್ದು ಅವತ್ತೇ ಮೊದಲು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಕದ್ದು ಪರೀಕ್ಷೆ ಇನ್ನು ಬೇಡ. ಮಗನೇ ಒಪ್ಪಿದರೆ, ವೈದ್ಯರ ಮೂಲಕ, ಅವನ ಗೆಲುವನ್ನು ಅವನಿಗೇ ತೋರಿಸಲು ಮಾಡಬಹುದು. ನಿದ್ದೆಯ ತೊಂದರೆ ಗಾಂಜಾಕ್ಕಿಂತ ಹಳೆಯದು. ಅದಕ್ಕೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಪೊಲೀಸಿಗೆ ಗೊತ್ತಾದರೆ ಎಂಬ ಹೆದರಿಕೆ ಹುಡುಗನಿಗೆ ಜಾಸ್ತಿ ಇತ್ತು. ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇದೆ, ಹೌದು. ಆದರೆ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಮೊಕದ್ದಮೆಯಿಂದ ಬಿಡುವ 64ಎ ಕಲಮೂ ಅದೇ ಕಾಯ್ದೆಯಲ್ಲಿದೆ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು ಅಷ್ಟೇ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಎಂದು ಎರಡು ನಂಬರ್ ಬರೆದುಕೊಟ್ಟೆ: ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಅಪ್ಪನಿಗೆ ಇನ್ನೊಂದು ಕೆಲಸ ಹಚ್ಚಿದೆ. ಹೊಡೆದದ್ದು ದೊಡ್ಡಪ್ಪನ ಮನೆಯವರ ಎದುರು, ಗೆರೆ ತಪ್ಪು ಓದಿದ್ದೆ ಎಂದು ಹೇಳುವುದೂ ಅವರ ಎದುರೇ ಆಗಬೇಕು. ಇದಕ್ಕೆ ಅವರು ಮೂರು ವಾರ ತೆಗೆದುಕೊಂಡರು. ಸೇದಿದ್ದನ್ನು ಮಗನೂ ತಾನೇ ಹೇಳಿದ, ನನ್ನ ಕೋಣೆಯಲ್ಲಿ, ಆಯಿಯ ಕೈ ಹಿಡಿದುಕೊಂಡು.

ಪಾಲಕರ ಸಭೆಯಲ್ಲಿ ಅಪ್ಪ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರಂತೆ: "ಪಾಸಿಟಿವ್ ಬಂದ ಹುಡುಗನನ್ನ ಮರುದಿನ ಎಲ್ಲಿಗೆ ಕಳಿಸ್ತೀರಿ?" ವಿಷಯ ಮುಂದಿನ ಸಭೆಗೆ ಹೋಯಿತು.

ದೀಪಾವಳಿ ಕಳೆದು ಒಂದು ಸಂಜೆ ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಅವರ ಫೋನ್ ಬಂತು. ಗೆಳೆಯನ ಮನೆಯಲ್ಲಿ ಮಗ ಮತ್ತೆ ಒಮ್ಮೆ ಸೇದಿದ್ದಾನೆ. "ಅವನೇ ಫೋನ್ ಮಾಡಿ ಹೇಳಿದ ಮೇಡಂ. ನಾನೇನೂ ಕೇಳಿರ್ಲಿಲ್ಲ. ಬೈಲೂ ಇಲ್ಲ. ಬೈಬೇಕಿತ್ತಾ?"

ಸೋಮವಾರ ಇಬ್ಬರೂ ಬನ್ನಿ ಎಂದೆ.