ಜಾತಿ, ಬಡತನ, ಹೆಣ್ಣುತನ, ಭಾಷೆ: ಮೊದಲು ಯಾವುದರ ವಿರುದ್ಧ ಹೋರಾಡಬೇಕು?

ಕಚೇರಿಯಲ್ಲಿ ನಿಮ್ಮನ್ನು ಎದುರಿನ ಕೌಂಟರಿಗೆ ಕೂರಿಸುತ್ತಿಲ್ಲ, ದೂರು ಕೊಡುವುದಾದರೆ ಜಾತಿ, ಬಡತನ, ಹೆಣ್ಣುತನ, ಭಾಷೆ ಇವುಗಳಲ್ಲಿ ‘ಮೊದಲು ಯಾವುದು’ ಎಂದು ಬರೆದು ಕೇಳಿದ್ದೀರಲ್ಲ, ನನ್ನ ಕೆಲಸ ತಿಂದದ್ದು ಆ ಪ್ರಶ್ನೆಯೇ.

ಇಬ್ಬರೂ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡದವರು: ನಿಮ್ಮದು ಮಂಜೇಶ್ವರ, ನನ್ನದು ಕುಂಬಳೆಯ ಹತ್ತಿರ. ನಾನೂ ಬೀಡಿ ಕಟ್ಟುತ್ತಲೇ ಪದವಿ ಮುಗಿಸಿದವಳು, ಪರಿಶಿಷ್ಟ ಜಾತಿಯವಳು, ಕನ್ನಡ ಮಾಧ್ಯಮದವಳು. ಕಚೇರಿಯೊಂದರಲ್ಲಿ ತಾತ್ಕಾಲಿಕ ಗುಮಾಸ್ತೆಯಾಗಿದ್ದೆ. ಎದುರಿನ ಕೌಂಟರಿಗೆ ಯಾರನ್ನು ಕೂರಿಸುವುದು ಎಂಬ ಮಾತು ಬಂದಾಗಲೆಲ್ಲ ಅದು ನನ್ನನ್ನು ದಾಟಿ ಇನ್ನೊಬ್ಬರಿಗೆ ಹೋಗುತ್ತಿತ್ತು. ನಾನು ಕಡತಗಳಿಗೆ ದಾರ ಪೋಣಿಸುವ ಹಿಂದಿನ ಕೋಣೆಯಲ್ಲೇ ಉಳಿದೆ.

ದೂರು ಕೊಡುವ ಮೊದಲು ಊರಿನ ಕನ್ನಡ ಹೋರಾಟದ ಹಿರಿಯರೊಬ್ಬರ ಬಳಿಗೆ ಹೋದೆ. ಒಳ್ಳೆಯ ಮನುಷ್ಯ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ಗಡಿ ಆಯೋಗದ ವರದಿ ಅವರಿಗೆ ಬಾಯಿಪಾಠ. ‘ಜಾತಿಯ ವಿಷಯ ಎತ್ತಬೇಡ, ಕನ್ನಡಿಗರಲ್ಲಿ ಒಡಕು ಬರುತ್ತದೆ. ಹೆಣ್ಣೆಂಬ ವಿಷಯ ಎತ್ತಿದರೆ ಜನ ಬೇರೆಯೇ ಕತೆ ಕಟ್ಟುತ್ತಾರೆ. ಭಾಷೆಯೊಂದನ್ನೇ ಹಿಡಿ, ಅದು ಗಟ್ಟಿ’ ಎಂದರು. ಹಿಡಿದೆ.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ‘ಮಲಯಾಳ ನನ್ನ ಮಾತೃಭಾಷೆಯಲ್ಲ ಎಂಬ ಕಾರಣಕ್ಕೆ ನನ್ನನ್ನು ಕಡೆಗಣಿಸಲಾಗಿದೆ’ ಎಂದು ಬರೆದೆ. ನಾನು ಮಲಯಾಳವನ್ನು ನೀರು ಕುಡಿದಷ್ಟು ಸುಲಭವಾಗಿ ಮಾತನಾಡುತ್ತೇನೆ, ಅದನ್ನು ಬರೆಯಲಿಲ್ಲ. ಕೌಂಟರಿನಲ್ಲಿ ಕೂತ ಕನ್ನಡಿಗರು ಯಾವ ಮನೆಯವರು ಎಂಬುದನ್ನೂ ಬರೆಯಲಿಲ್ಲ. ಬಂದ ಉತ್ತರ ಚುಟುಕಾಗಿತ್ತು: ಎದುರಿನ ಸಾಲಿನಲ್ಲಿ ಕನ್ನಡಿಗರು ಇದ್ದಾರೆ, ಆದ್ದರಿಂದ ದೂರಿನಲ್ಲಿ ಹುರುಳಿಲ್ಲ. ಇದ್ದರು ನಿಜ. ಎಲ್ಲರೂ ಗಂಡಸರು, ಎಲ್ಲರೂ ಅಡಿಕೆ ತೋಟವಿರುವ ಮೇಲುಜಾತಿಯ ಮನೆಯವರು. ಹಾಗಾದರೆ ಹೆಣ್ಣೆಂಬ ಕಾರಣಕ್ಕೆ ಎಂದು ಎರಡನೆಯ ಅರ್ಜಿ ಹಾಕಿದೆ. ಅಲ್ಲಿ ಹೆಂಗಸರೂ ಇದ್ದರು, ಮೇಲುಜಾತಿಯ ಮಲಯಾಳಿ ಹೆಂಗಸರು. ಪರಿಶಿಷ್ಟ ಜಾತಿಯವರನ್ನು ತೆಗೆದುಕೊಂಡಿಲ್ಲ ಎನ್ನೋಣವೇ? ಸಾಹೇಬರ ಜೀಪು ಓಡಿಸುತ್ತಿದ್ದವನು ನಮ್ಮವನೇ. ಎರಡನೆಯ ಅರ್ಜಿಯನ್ನು ನೋಡಿ ‘ಇವಳು ದಿನಕ್ಕೊಂದು ಕಾರಣ ಹೇಳುವವಳು’ ಎಂದರು. ಅವಧಿ ಮುಗಿದಾಗ ನನ್ನ ನೇಮಕಾತಿಯನ್ನು ನವೀಕರಿಸಲಿಲ್ಲ. ಎಲ್ಲವನ್ನೂ ಮೊದಲ ಅರ್ಜಿಯಲ್ಲೇ ಒಟ್ಟಿಗೆ ಬರೆದಿದ್ದರೆ ಕೆಲಸ ಉಳಿಯುತ್ತಿತ್ತೋ ಏನೋ, ಆದರೆ ಹಾಗೆ ಸುಲಭವಾಗಿ ಜಾರಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ.

ಬಹಳ ತಡವಾಗಿ ಓದಿದೆ: ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಮೇಲೆ ಐವರು ಕಪ್ಪು ಹೆಂಗಸರು ಹಾಕಿದ ದಾವೆಗೂ ಇದೇ ಗತಿಯಾಗಿತ್ತು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ಮುಗ್ಗಟ್ಟು ಬಂದಾಗ ಸೇವಾ ಹಿರಿತನ ನೋಡಿ ಕೆಲಸದಿಂದ ತೆಗೆದರು. ಹಿರಿತನ ಗಳಿಸಲು ಬಿಡದೆ ಹಿರಿತನ ಕೇಳುವುದು! 1976ರಲ್ಲಿ ನ್ಯಾಯಾಲಯ ಏನು ಹೇಳಿತು ಗೊತ್ತೇ? ಕಂಪನಿ ಹೆಂಗಸರನ್ನು ತೆಗೆದುಕೊಂಡಿದೆ, ಆದ್ದರಿಂದ ಲಿಂಗ ತಾರತಮ್ಯವಿಲ್ಲ (ಆ ಹೆಂಗಸರು ಬಿಳಿಯರು). ಜನಾಂಗದ ದೂರಿದ್ದರೆ ಅದನ್ನು ಬೇರೆಯಾಗಿ ನಡೆಸಿ. ಎರಡನ್ನೂ ಕೂಡಿಸಿ ತರಬೇಡಿ. 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಎಂಬ ಕಪ್ಪು ಕಾನೂನು ಪ್ರಾಧ್ಯಾಪಕಿ ಈ ತೀರ್ಪನ್ನು ಎಳೆಎಳೆಯಾಗಿ ಬಿಚ್ಚಿಟ್ಟರು. ಜನಾಂಗವೇ ಬೇರೆ, ಜಾತಿಯೇ ಬೇರೆ, ನಿಜ. ಆದರೆ ನನಗೆ ಬಂದ ಉತ್ತರವನ್ನು ಯಾರೋ ಅಲ್ಲಿಂದ ನಕಲು ಮಾಡಿದ್ದರೋ ಎನ್ನಿಸಿತು.

ನಿಮ್ಮ ಗೆಳತಿ ‘ಜಾತಿಗೀತಿ ಏನೂ ಇಲ್ಲ, ಇರುವುದು ಬಡತನ ಮಾತ್ರ’ ಎನ್ನುತ್ತಾಳಂತೆ. ಬಡತನ ಎಲ್ಲಿಂದ ಬಂತು ಎಂದು ಕೇಳಿ. ಕೇರಳದ ಭೂಸುಧಾರಣೆ 1970ರಲ್ಲಿ ಜಾರಿಯಾದಾಗ ಗೇಣಿ ಕೊಡುತ್ತಿದ್ದ ಒಕ್ಕಲಿಗೆ ತೋಟ ಸಿಕ್ಕಿತು. ಆ ತೋಟದಲ್ಲಿ ದುಡಿಯುತ್ತಿದ್ದ ನನ್ನ ಅಜ್ಜನಂಥವರಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತಲಿನ ಕುಡಿಕಿಡಪ್ಪು (ಬೇರೆಯವರ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಕೊಟ್ಟ) ಜಾಗ, ಪಂಚಾಯತಿನಲ್ಲಿ ಹೆಚ್ಚೆಂದರೆ ಹತ್ತು ಸೆಂಟ್ಸ್. ಗೇಣಿಗೆ ಭೂಮಿ ಹಿಡಿಯುವವರು ಯಾರು, ಕೂಲಿಗೆ ಹೋಗುವವರು ಯಾರು ಎಂಬುದನ್ನು ಜಾತಿ ಮೊದಲೇ ತೀರ್ಮಾನಿಸಿತ್ತು. ಆ ಹತ್ತು ಸೆಂಟ್ಸಿನ ಪಟ್ಟೆಯೂ ಅಜ್ಜನ ಹೆಸರಿಗೆ, ಅಲ್ಲಿಂದ ಮಾವನ ಹೆಸರಿಗೆ. ಅದೇ ತೋಟದಲ್ಲಿ ಅಡಿಕೆ ಹೆಕ್ಕಿದ ಅಜ್ಜಿಯ ಹೆಸರು ಯಾವ ಕಾಗದದಲ್ಲೂ ಇಲ್ಲ.

ಬೀಡಿ ಗುತ್ತಿಗೆದಾರನ ಜಗಲಿ ನಿಮಗೂ ಗೊತ್ತಿರಬೇಕು. ಅಮ್ಮ ಕೊಟ್ಟ ಕಟ್ಟನ್ನು ಅವನು ಹೆಬ್ಬೆರಳಿನಿಂದ ಒತ್ತಿ, ಒಂದಷ್ಟು ಬೀಡಿಗಳನ್ನು ಚಿವುಟಿ, ‘ಇದು ಆಗುವುದಿಲ್ಲ’ ಎಂದು ಬದಿಗೆ ಸರಿಸುತ್ತಿದ್ದ. ಸರಿಸಿದ್ದಕ್ಕೆ ಕೂಲಿಯೂ ಇಲ್ಲ, ಬೀಡಿಯೂ ವಾಪಸಿಲ್ಲ. ಅಲ್ಲಿ ಬ್ಯಾರಿ ಮುಸ್ಲಿಂ ಹೆಂಗಸರು, ತೀಯ ಜಾತಿಯ ಹೆಂಗಸರು, ನಾವು, ಎಲ್ಲರೂ ಒಂದೇ ಸಾಲು, ಒಂದೇ ದರ. ಹಾಗೆಂದು ಎಲ್ಲರೂ ಸಮಾನರೇ? ಬಾಯಾರಿದಾಗ ಉಳಿದವರು ಅವನ ಮನೆಯೊಳಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ಅಮ್ಮ ಅಂಗಳದ ನಲ್ಲಿಗೆ ಹೋಗುತ್ತಿದ್ದಳು. ಸಂಜೆ ದರದ ಮಾತುಕತೆಗೆ ಬಂದ ಸಂಘದವರು ಮಾತನಾಡಿಸುತ್ತಿದ್ದದ್ದು ಒಂದೂ ಬೀಡಿ ಕಟ್ಟದ ನನ್ನ ಅಪ್ಪನನ್ನು.

ಜಾತಿ ಬೇಲಿ ಹಾಕಿಕೊಳ್ಳುವುದೇ ಹೆಣ್ಣನ್ನು ಕಟ್ಟಿಹಾಕಿ ಎಂದು ಅಂಬೇಡ್ಕರ್ 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ತೋರಿಸಿದ್ದರು. ಆದ್ದರಿಂದ ‘ಮೊದಲು ಜಾತಿ, ಆಮೇಲೆ ಹೆಣ್ಣು’ ಎಂದು ಸರದಿ ಹಚ್ಚುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ಆ ಸರದಿ ಹಚ್ಚುವವರು ಸಾಮಾನ್ಯವಾಗಿ ಅದರಲ್ಲಿ ನಿಲ್ಲಬೇಕಾದವರಲ್ಲ.

ಮಲಯಾಳ ತರಗತಿಗೆ ಸೇರಲೇ ಎಂದಿದ್ದೀರಿ. ಸೇರಿ, ಭಾಷೆ ಕಲಿತರೆ ನಷ್ಟವಿಲ್ಲ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೂ ಉಪಯೋಗಕ್ಕೆ ಬಂದೀತು, ನಾನು ಪಾಸಾದದ್ದೂ ಹಾಗೆಯೇ. ಆದರೆ ಕೌಂಟರಿಗೆ ಅದು ದಾರಿ ಎಂದು ನಂಬಿ ಕಾಯಬೇಡಿ. ಯಾರು ಯಾವಾಗ ಸೇರಿದರು, ಯಾರನ್ನು ಎದುರಿಗೆ ಕೂರಿಸಿದರು, ಯಾರನ್ನು ಹಿಂದಕ್ಕೆ ಕಳಿಸಿದರು ಎಂದು ದಿನಾಂಕ ಸಹಿತ ಬರೆದಿಡಿ. ಸರಕಾರಿ ಕಚೇರಿಯಾದರೆ ನೇಮಕಾತಿಯ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿಯಲ್ಲಿ ‘ಕನ್ನಡ ಮಾತನಾಡುವ ಪರಿಶಿಷ್ಟ ಜಾತಿಯ ಹೆಣ್ಣು’ ಎಂದು ಒಂದೇ ಉಸಿರಿನಲ್ಲಿ ಬರೆಯಿರಿ, ಅಲ್ಪವಿರಾಮ ಹಾಕಿ ಬೇರೆ ಮಾಡಬೇಡಿ.

ಅಣ್ಣ ಮಲಯಾಳದಲ್ಲಿ ಬರೆದುಕೊಡುತ್ತಾನೆ ಎಂದಿರಿ. ಬೇಡ, ನೀವೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೂ ಅದೇ ಕಡತಕ್ಕೆ ಸೇರಿಸಿ.